ಪೀಟಿ ಮೇಷ್ಟ್ರ ಭಾನುವಾರದ ದಂಡಯಾತ್ರೆ

ಹತ್ತು ಜನರನ್ನ ಒಂದು ಕೆಲಸಕ್ಕೆ ಹೊರಡಿಸಿ ನೋಡಿ. ಕೆಲಸ ಆಗ್ತದೋ ಇಲ್ವೋ, ನಗೋದಕ್ಕೆ ಏನಾದರೂ ಒಂದು ಸಿಕ್ಕೇ ಸಿಗ್ತದೆ. ಅದರಲ್ಲೂ ಒಬ್ಬ ರಾಮನಗರದಲ್ಲಿ, ಒಬ್ಬ ಮಾಗಡಿಯಲ್ಲಿ, ಒಬ್ಬರು ಕುದೂರಲ್ಲಿ, ಇನ್ನೊಬ್ಬ ಉಯ್ಯಂಬಳ್ಳಿಯಲ್ಲಿ ಕೂತಿದ್ದು, ಚನ್ನಪಟ್ಟಣದಲ್ಲಿರೋ ನಾನು ಫೋನ್ ಹಿಡ್ಕೊಂಡು ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಕು ಅಂದ್ರೆ ಕೇಳ್ಬೇಡಿ ನನ್ನ ಪಾಡು.

ನಾನು ಹೈಸ್ಕೂಲಿನ ಪೀಟಿ ಮೇಷ್ಟ್ರು. ಹೋದ ವರ್ಷ ಹುಡುಗರಿಗೆ ಕಬಡ್ಡಿ ತೋರಿಸೋಕೆ ಹೋಗಿ ಮೊಣಕಾಲು ಉಳುಕಿಸಿಕೊಂಡು ಆರು ವಾರ ಮಂಚ ಹಿಡಿದೆ. ನೋಡೋಕೆ ಬಂದ ಅಕ್ಕನ ಮಗ ಸುಮ್ಮನೆ ಹಣ್ಣು ಕೊಟ್ಟು ಹೋಗೋದು ಬಿಟ್ಟು, ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಹತ್ತು ಜನ ತಂತಮ್ಮ ಮನೆಯಲ್ಲೇ ಕೂತು, ನೆಟ್ಟಲ್ಲಿ ಒಟ್ಟು ಸೇರಿ, ಒಂದು ಕೋಟೆಗೆ ನುಗ್ಗಿ ಒಳಗಿರೋ ರಾಕ್ಷಸನನ್ನ ಕೆಡವಬೇಕು. ಹಂಗೆ ನುಗ್ಗೋದಕ್ಕೆ ರೇಡ್ ಅಂತಾರೆ, ನುಗ್ಗೋ ಗುಂಪಿಗೆ ಗಿಲ್ಡ್ ಅಂತಾರೆ. ನಾನು ದಂಡು ಅಂತೀನಿ. ಒಬ್ಬರಿಗೊಬ್ಬರು ಮಾತಾಡೋಕೆ ಫೋನಿನ ಮೈಕಿದೆ. ಮೊಣಕಾಲು ನೆಟ್ಟಗಾಗೋ ಹೊತ್ತಿಗೆ ನಾನು ಒಂದು ದಂಡಿಗೆ ನಾಯಕನೇ ಆಗಿಹೋಗಿದ್ದೆ.

ನಗಬೇಡಿ. ನಂಗೆ ಇದು ಹುಡುಗಾಟ ಅಲ್ಲ. ಹದಿನೇಳು ವರ್ಷ ಸರ್ವೀಸಾಯ್ತು, ನಮ್ಮ ಸ್ಕೂಲಿಗೆ ತಾಲ್ಲೂಕು ಮಟ್ಟದಲ್ಲಿ ಒಂದೇ ಒಂದು ಕಪ್ ತಂದುಕೊಟ್ಟಿಲ್ಲ. ತರೋದಾದ್ರೂ ಹೆಂಗೆ ಹೇಳಿ? ಪೀಟಿ ಪಿರಿಯಡ್ ಬಂತು ಅಂದ್ರೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ಹಾಜರ್. "ಪೋರ್ಷನ್ ಮುಗಿದಿಲ್ಲ ಸಾರ್, ಇದೊಂದು ಬಿಟ್ಟುಕೊಡಿ." ಹಂಗಾಗಿ ಈ ಆಟದಲ್ಲಾದ್ರೂ ಗೆಲ್ಲಬೇಕು ಅಂತ ನಂಗೆ ಹಟ ಬಂದುಬಿಟ್ಟಿತ್ತು. ಕೊನೇ ಕೋಟೆಯಲ್ಲಿ ಒಬ್ಬ ಕಲ್ಲುಮೈ ರಾಕ್ಷಸ ಇದ್ದ. ಮೂರು ತಿಂಗಳ ಗಡುವು. ಅಷ್ಟರೊಳಗೆ ಅವನನ್ನ ಕೆಡವಿದರೆ ಗೆದ್ದ ಹಾಗೆ, ಇಲ್ಲದಿದ್ದರೆ ಆಟದವರೇ ಆ ಕೋಟೆ ಮುಚ್ಚಿಬಿಡ್ತಾರೆ. ಜೀವಮಾನದಲ್ಲಿ ಒಂದು ಸಲ "ಗೆದ್ದೆ" ಅನ್ನಬೇಕು ಅನ್ನೋ ಆಸೆ ನಂದು. ಆ ಆಸೆಗೆ ನಮ್ಮ ದಂಡಿನವರು ಏನೇನು ಮಾಡಿದರು ಅಂತ ಈಗ ಹೇಳ್ತೀನಿ.

ರಜಾ ಅರ್ಜಿ

ದಂಡು ಸೇರೋ ಟೈಮು ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮೂರಕ್ಕೆ ನಾನು ಹಾಜರಿ ಕೂಗ್ತೀನಿ. ಸ್ಕೂಲಿಂದ ತಂದ ಒಂದು ಹಳೇ ಹಾಜರಿ ಪುಸ್ತಕ ಇಟ್ಟಿದೀನಿ, ಅದರಲ್ಲಿ ಹತ್ತು ಜನರ ಹೆಸರೂ ಬರೆದಿದೀನಿ. ಮೊದಮೊದಲು ಅರ್ಧಕ್ಕರ್ಧ ಜನ ಚಕ್ಕರ್. ನಂಗೆ ರೇಗಿಹೋಯ್ತು. "ಇನ್ಮೇಲೆ ಬರದೇ ಇರೋರು ಲಿಖಿತವಾಗಿ ರಜಾ ಅರ್ಜಿ ಕಳಿಸಬೇಕು. ಕಾರಣ ಬರೆದಿರಬೇಕು. ನಂಗೆ ಒಪ್ಪಿಗೆ ಆದ್ರೆ ಮಾತ್ರ ರಜೆ" ಅಂತ ಫರ್ಮಾನು ಹೊರಡಿಸಿದೆ.

ಮಾರನೇ ವಾರವೇ ಉಯ್ಯಂಬಳ್ಳಿಯ ಹುಡುಗನಿಂದ ಅರ್ಜಿ ಬಂತು. ಇವನು ರೇಷ್ಮೆ, ರಾಗಿ ಬೆಳೀತಾನೆ, ಇಪ್ಪತ್ತೇಳು ವಯಸ್ಸು, ದಂಡಿನಲ್ಲಿ ಬಿಲ್ಲುಗಾರ. ದೂರದಿಂದ ಕಾದಿದ್ದು ಬಾಣ ಬಿಡೋ ಕೆಲಸ. ಬಿಳೀ ಹಾಳೆಯಲ್ಲಿ ದುಂಡಗೆ ಬರೆದು ಫೋಟೋ ತೆಗೆದು ಕಳಿಸಿದ್ದ.

"ಮಾನ್ಯರೇ, ಈ ಭಾನುವಾರ ನನ್ನ ಮದುವೆ ಇರುವುದರಿಂದ ನನಗೆ ಒಂದೂವರೆ ಗಂಟೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಾಲ್ಕೂವರೆಗೆ ಹಾಜರಾಗುತ್ತೇನೆ. ಇಂತಿ ತಮ್ಮ ವಿಧೇಯ."

ನಾನು ಅವತ್ತು ಸ್ಕೂಲಲ್ಲಿದ್ದೆ, ಎದುರಿಗೆ ಹುಡುಗರ ಅರ್ಜಿಗಳ ಒಂದು ಕಟ್ಟೇ ಇತ್ತು. ಕೈ ಹಳೇ ಅಭ್ಯಾಸದಲ್ಲಿ ಓಡಿಬಿಡ್ತು. ಸರಿಯಾಗಿ ಓದದೇ ಉತ್ತರ ಹಾಕಿದೆ: "ಅರ್ಜಿ ಅಪೂರ್ಣ. ಪೋಷಕರ ಸಹಿ ಇಲ್ಲ."

ಸಂಜೆ ಇನ್ನೊಂದು ಫೋಟೋ ಬಂತು. ಕೆಳಗೆ ಅವರಪ್ಪನ ಸಹಿ. ಅದರ ಪಕ್ಕ ಇನ್ನೊಂದು ಸಹಿ. ಜೊತೆಗೆ ಅವನ ದನಿ: "ಸಾ, ಯಾವುದಕ್ಕೂ ಇರ್ಲಿ ಅಂತ ಮಾವಂದೂ ಹಾಕ್ಸಿವ್ನಿ. ಒಸಿ ನೋಡಿ."

ಸಿಸ್ಟರ್‌ಗೆ ಕತ್ತಿ ಬೇಕಂತೆ

ಇಂಥ ದಂಡಿನಲ್ಲಿ ಮೂರು ಥರದವರು ಬೇಕು. ಮುಂದೆ ನಿಂತು ಏಟು ತಿನ್ನೋನು ಒಬ್ಬ, ಏಟು ಬಿದ್ದವರಿಗೆ ಔಷಧಿ ಹಾಕೋರು ಒಬ್ಬರು, ಮಿಕ್ಕವರು ಹೊಡೆಯೋರು. ಏಟು ತಿನ್ನೋಕೆ ರಾಮನಗರದ ಭಾಯ್ ಸಿಕ್ಕಿದ್ರು. ಅವರದು ಗೂಡಿನಿಂದ ರೇಷ್ಮೆ ನೂಲು ತೆಗೆಯೋ ಕಸುಬು. "ಬಿಸಿನೀರಲ್ಲಿ ಕೈ ಅದ್ದೀ ಅದ್ದೀ ನಮ್ದು ಚರ್ಮ ಗಟ್ಟಿ ಮೇಷ್ಟ್ರೇ, ಬರ್ಲಿ ಎಷ್ಟು ಹೊಡೀತಾನೆ ನೋಡಣ" ಅಂದ್ರು. ಔಷಧಿಗೆ ಯಾರು ಅಂತ ಹುಡುಕ್ತಿದ್ದಾಗ ಕುದೂರಿನಿಂದ ಒಬ್ಬರು ನರ್ಸ್ ಸೇರಿಕೊಂಡರು. ನಂಗೆ ಹಾಲು ಕುಡಿದಷ್ಟು ಸಂತೋಷ ಆಯ್ತು.

"ಸಿಸ್ಟರ್, ನಿಮ್ಮನ್ನ ದೇವರೇ ಕಳಿಸಿದ್ದು. ಔಷಧಿ ಡಿಪಾರ್ಟ್‌ಮೆಂಟು ನಿಮ್ಮದು" ಅಂದೆ.

ಆ ಕಡೆಯಿಂದ ಬೆಂಕಿ. "ಏನ್ ಸಾರ್ ನೀವು? ವಾರಪೂರ್ತಿ ಮಾಡೋದು ಅದೇ ಅಲ್ವಾ? ಇಂಜೆಕ್ಷನ್ ಅಂದ್ರೆ ಅತ್ತು, ಮಾತ್ರೆ ಅಂದ್ರೆ ಕಹಿ ಅಂದು, ಆಸ್ಪತ್ರೇಲಿ ಒಬ್ಬೊಬ್ರು ಒಂದೊಂದು ಥರ ಜೀವ ತಿಂತಾರೆ. ಎಲ್ಲರನ್ನೂ ನಕ್ಕೊಂಡು ಮಾತಾಡಿಸಿ ಬಂದಿರ್ತೀನಿ. ಭಾನುವಾರ ಒಂದಿನ ನಂಗೆ ಕತ್ತಿ ಕೊಡಿ ಸಾರ್. ದೊಡ್ದು ಕೊಡಿ."

ಕೊಟ್ಟೆ. ಆ ಹೆಣ್ಣುಮಗಳು ಕತ್ತಿ ಬೀಸೋದು ನೋಡಿದ ಮೇಲೆ ನಾನು ಕುದೂರು ಕಡೆ ಹೋದಾಗ ಕೆಮ್ಮು ಬಂದ್ರೂ ತಡ್ಕೋತೀನಿ.

ಔಷಧಿ ಖಾತೆ ಹಂಗೇ ಖಾಲಿ ಉಳೀತು. ಆಗ ಒಂದು ಮೆತ್ತನೆ ದನಿ ಬಂತು. "ಸಾರ್, ಯಾರೂ ತಪ್ಪು ತಿಳ್ಕೊಳ್ಳದಿದ್ರೆ ಅದು ನಂಗೆ ಕೊಡ್ತೀರಾ?" ಮಾಗಡಿಯವರು. ಅಲ್ಲಿಯವರೆಗೂ ಹೆಚ್ಚು ಮಾತೇ ಆಡಿರಲಿಲ್ಲ. ಏನಣ್ಣ ಕೆಲಸ ನಿಮ್ದು ಅಂತ ಕೇಳಿದೆ.

"ಮಟನ್ ಅಂಗಡಿ ಸಾರ್. ಭಾನುವಾರ ಬೆಳಗ್ಗೆ ನಾಕರಿಂದ ಮಧ್ಯಾಹ್ನ ಎರಡರ ತನಕ ಕಡಿದೂ ಕಡಿದೂ ಸಾಕಾಗೋಗಿರ್ತದೆ. ಮೂರರ ಮೇಲೆ ಒಸಿ ಜೀವ ಉಳಿಸೋಣ ಅಂತ."

ಗುಡ್ಡೆ

ಕಲ್ಲುಮೈಯನ ಹತ್ತಿರ ಹೋಗೋ ಮೊದಲು ಒಂದು ಚಿಕ್ಕ ಕೋಟೆ ಸಿಗ್ತದೆ. ಅದನ್ನ ಹೆಂಗೋ ತಿಣುಕಾಡಿ ಗೆದ್ವಿ. ಒಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆ ತುಂಬ ಕೊಡಲಿ, ಗುರಾಣಿ, ಕಿರೀಟ, ಉಂಗುರ, ಜೋಡು ಅಂತ ಇಪ್ಪತ್ತು ಸಾಮಾನು. ಗೆಲ್ಲೋ ತನಕ ಅಣ್ಣತಮ್ಮಂದಿರ ಥರ ಇದ್ದವರು ಪೆಟ್ಟಿಗೆ ತೆಗೆದ ತಕ್ಷಣ ದಾಯಾದಿಗಳಾದ್ರು. ನಂಗೆ ನಂಗೆ ಅಂತ ಕಿತ್ತಾಟ. ನಾನು ಸೀಟಿ ಊದಿದೆ. ಹೌದು, ಮೈಕಿನಲ್ಲಿ ಸೀಟಿ ಊದ್ತೀನಿ ನಾನು, ಹದಿನೇಳು ವರ್ಷದ ಅಭ್ಯಾಸ ಬಿಡು ಅಂದ್ರೆ ಹೆಂಗೆ ಬಿಡೋದು?

ಮಟನ್ ಅಂಗಡಿ ಅಣ್ಣ ಅಂದ್ರು: "ಸುಮ್ಕೆ ಜಗಳ ಯಾಕೆ ಸಾರ್? ಹೊಸತೊಡಕಿಗೆ ಗುಡ್ಡೆ ಬಾಡು ಹಾಕ್ತೀವಲ್ಲ, ಹಂಗೇ ಮಾಡಣ. ಹತ್ತು ಗುಡ್ಡೆ ಹಾಕ್ತೀನಿ. ಯಾರಿಗೂ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಯುಗಾದಿ ಮಾರನೇ ದಿನ ನಮ್ಮ ಕಡೆ ಊರವರೆಲ್ಲ ಸೇರಿ ಕುರಿ ಕುಯ್ದು ಸಮಪಾಲು ಗುಡ್ಡೆ ಹಾಕಿ ಹಂಚ್ಕೋತಾರೆ. ಅದು ಗೊತ್ತಿಲ್ಲದವರು ದಂಡಿನಲ್ಲಿ ಯಾರೂ ಇರಲಿಲ್ಲ, ಭಾಯ್ ಕೂಡ "ಇದು ಸರಿಯಾದ ಮಾತು" ಅಂದ್ರು. ಅಣ್ಣ ಸಾಮಾನನ್ನೆಲ್ಲ ಕೋಟೆ ಅಂಗಳದಲ್ಲಿ ಹತ್ತು ಕಡೆ ಪೇರಿಸಿದ್ರು. ನಾನು ಪದ್ಧತಿ ಪ್ರಕಾರ ಗೋಡೆ ಕಡೆ ತಿರುಗಿ ನಿಂತೆ. ಅವರು ಹಿಂದಿನಿಂದ "ಈ ಗುಡ್ಡೆ ಯಾರಿಗೆ?" ಅಂತ ಕೇಳೋದು, ನಾನು ಕಣ್ಣು ಹಾಯಿಸದೇ ಒಬ್ಬರ ಹೆಸರು ಹೇಳೋದು. ಎಷ್ಟು ಶಿಸ್ತಾಗಿ ಆಯ್ತು ಅಂದ್ರೆ ನಂಗೆ ನನ್ನ ದಂಡಿನ ಮೇಲೆ ಹೆಮ್ಮೆ ಬಂತು.

ತಿರುಗಿ ನೋಡ್ತೀನಿ, ಅಣ್ಣ ಕುರಿ ಹಂಚಿದಂಗೇ ಹಂಚಿಬಿಟ್ಟಿದ್ದಾರೆ. ಒಂದು ತೊಡೆ ಈ ಗುಡ್ಡೆಗೆ, ಇನ್ನೊಂದು ತೊಡೆ ಆ ಗುಡ್ಡೆಗೆ. ಆಟದಲ್ಲಿ ಜೋಡು ಎಡಗಾಲಿಂದು ಬೇರೆ, ಬಲಗಾಲಿಂದು ಬೇರೆ. ಎಡಗಾಲಿಂದು ಭಾಯ್‌ಗೆ, ಬಲಗಾಲಿಂದು ಉಯ್ಯಂಬಳ್ಳಿಗೆ. ಒಂದು ಸಲ ಹಂಚಿದ್ದನ್ನ ವಾಪಸ್ ತಗೊಳ್ಳೋಕೆ ಆಟದಲ್ಲಿ ದಾರಿ ಇಲ್ಲ. ಗಡುವು ಮುಗಿಯೋ ತನಕ ಇಬ್ಬರೂ ಒಂಟಿ ಜೋಡಲ್ಲೇ ಯುದ್ಧ ಮಾಡಿದ್ರು.

ಅದಾದ್ರೂ ಪರವಾಗಿಲ್ಲ. ಗಂಡುಗೊಡಲಿ ಬಿದ್ದಿದ್ದು ಮಟನ್ ಅಂಗಡಿ ಅಣ್ಣನಿಗೇ. ಸಿಸ್ಟರ್‌ಗೆ ಬಿದ್ದಿದ್ದು ಔಷಧಿ ಚೀಲ.

ಟ್ಯಾಂಕ್ ಮೇಲಿನ ಕೂಗು

ಉಯ್ಯಂಬಳ್ಳಿ ಹುಡುಗನ ಮನೆಯಲ್ಲಿ ನೆಟ್ ಸಿಗಲ್ಲ. ಊರಾಚೆ ನೀರಿನ ಟ್ಯಾಂಕ್ ಮೇಲೆ ಹತ್ತಿದ್ರೆ ಚೆನ್ನಾಗಿ ಸಿಗ್ತದೆ. ಹಂಗಾಗಿ ಭಾನುವಾರ ಊಟ ಆದ ಮೇಲೆ ಒಂದು ಬಾಟ್ಲಿ ನೀರು ಹಿಡ್ಕೊಂಡು ಟ್ಯಾಂಕ್ ಹತ್ತಿಬಿಡ್ತಾನೆ. ಅವತ್ತು ಕಲ್ಲುಮೈಯನ ಜೊತೆ ನಮ್ಮ ಐದನೇ ಯುದ್ಧ. ಆ ರಾಕ್ಷಸ ಎಡಗಡೆ ಗೋಡೆ ಒಡ್ಕೊಂಡು ಬರ್ತಾನೆ, ಅದು ಮೊದಲು ಕಾಣೋದು ಬಿಲ್ಲುಗಾರನಿಗೆ. ನಮಗೆ ಎಚ್ಚರಿಕೆ ಕೊಡೋ ಕೆಲಸ ಅವನದು. ಕೊಟ್ಟ. ಗಂಟಲು ಕಿತ್ತುಹೋಗೋ ಹಂಗೆ ಕೊಟ್ಟ.

"ಬಂತು ಬಂತು! ಎಡಗಡೆಯಿಂದ ಬತ್ತೈತೆ! ಯಪ್ಪಾ, ಏನ್ ದಪ್ಪ ಐತ್ಲಾ! ಯಾರೂ ಎದುರ್ಗೆ ಹೋಗ್ಬ್ಯಾಡ್ರೋ, ತುಳ್ದ್ಬುಡ್ತದೆ! ಹಿಂದೀಕೆ ಬನ್ರೋ!"

ಉಯ್ಯಂಬಳ್ಳಿ ಕಾಡಿನ ಅಂಚು. ಅಲ್ಲಿ ಎತ್ತರದಲ್ಲಿ ನಿಂತು ಒಬ್ಬ ಹಿಂಗೆ ಕೂಗಿದ ಅಂದ್ರೆ ಅದಕ್ಕೆ ಇರೋದು ಒಂದೇ ಅರ್ಥ. ಹಾಡುಹಗಲಲ್ಲೇ ಆನೆ ಬಂದ್ಬುಟ್ಟೈತೆ ಅಂತ ಊರಿಗೆ ಊರೇ ಎದ್ದಿತು. ನಮ್ಮ ಮೈಕಿನಲ್ಲಿ ಇದ್ದಕ್ಕಿದ್ದಂಗೆ ಪಟಾಕಿ ಸದ್ದು, ತಟ್ಟೆ ಬಡಿಯೋ ಸದ್ದು, ಹೆಂಗಸರ ಕೂಗು.

"ಏನಪ್ಪ ನಿಮ್ಮೂರಲ್ಲಿ, ಇನ್ನೊಂದು ಮದುವೆನಾ?" ಅಂತ ಭಾಯ್ ಕೇಳಿದ್ರು.

"ತಡೀರಿ ಭಾಯ್, ಏನೋ ಎಡವಟ್ಟಾಗೈತೆ. ಕೆಳಗೆ ಜನ ಸೇರವ್ರೆ" ಅಂದ ಅವನು, ದನಿ ಸಣ್ಣದು ಮಾಡ್ಕೊಂಡು.

ಅಷ್ಟರಲ್ಲಿ ಫಾರೆಸ್ಟಿನವರ ಜೀಪೂ ಬಂತು. ಒಬ್ಬರು ಏಣಿ ಹತ್ತಿ ಅರ್ಧಕ್ಕೆ ನಿಂತು "ಯಾವ ಕಡೆ ಹೋಯ್ತಪ್ಪಾ?" ಅಂತ ಕೇಳಿದ್ದು ನಮಗೂ ಕೇಳಿಸ್ತು. ಪಾಪ ಹುಡುಗ ಏನು ಮಾಡ್ತಾನೆ? ಕೆಳಗೆ ಅಪ್ಪ, ಮಾವ, ಹೊಸ ಹೆಂಡ್ತಿ ಎಲ್ಲರೂ ಕತ್ತೆತ್ತಿ ನೋಡ್ತಾ ನಿಂತವರೆ. ಫೋನಲ್ಲಿ ಆಟ ಆಡ್ತಿದ್ದೆ ಅನ್ನೋಕಾಗ್ತದಾ? ಕೈ ಉದ್ದ ಮಾಡಿ ಕಾಡಿನ ಕಡೆ ತೋರಿಸಿದ. "ಅಂಗೇ ಹೊಂಟೋಯ್ತು ಸಾ. ನಾನ್ ಕೂಗಿದ್ದಕ್ಕೆ ಹೆದ್ರ್ಕೊಂಡ್ತು."

ಅವತ್ತು ನಾವು ಸೋತ್ವಿ, ಅದು ಬೇರೆ ವಿಷಯ. ಆದ್ರೆ ಮುಂದಿನ ಭಾನುವಾರ ಹತ್ತಿ ನೋಡ್ತಾನೆ, ಟ್ಯಾಂಕ್ ಮೇಲೆ ನೆರಳಿಗೆ ಶೀಟು, ಕೂರೋಕೆ ಪ್ಲಾಸ್ಟಿಕ್ ಕುರ್ಚಿ. ಊರವರೇ ಹಾಕ್ಸಿದ್ದು. ಅವನು ಕೂಗೋಕೆ ಶುರು ಮಾಡಿದ ಮೇಲೆ ಒಂದು ಆನೆನೂ ಆ ಕಡೆ ತಲೆ ಹಾಕಿಲ್ವಂತೆ.

ರಾಜೀನಾಮೆ

ಹನ್ನೊಂದು ಭಾನುವಾರ ಸೋತ್ವಿ. ಒಂದು ಸಲ ಭಾಯ್ ಮನೆ ಕರೆಂಟು. ಒಂದು ಸಲ ಮಟನ್ ಅಂಗಡಿ ಅಣ್ಣ ತಾವೇ ಮಾಡಿದ ಕೈಮ ಉಂಡೆ, ಮುದ್ದೆ ಹೊಟ್ಟೆ ತುಂಬ ಹೊಡೆದು ಬಂದು, ಯುದ್ಧದ ಮಧ್ಯೆ ಗೊರಕೆ ಹೊಡೆದ್ರು. ಔಷಧಿ ಇಲ್ಲದೇ ಒಂಬತ್ತು ಜನ ಸತ್ವಿ, ಗೊರಕೆ ಮಾತ್ರ ನಿಲ್ಲಲಿಲ್ಲ.

ನಾನೂ ಸುಮ್ಮನೆ ಕೂತಿರಲಿಲ್ಲ. ಪ್ರತಿ ವಾರ ಹಿಂದೆ ಹೋಗಿ, ಮುಂದೆ ಬನ್ನಿ, ಸಾವಧಾನ್, ವಿಶ್ರಾಮ್, ಸೀಟಿ, ಮತ್ತೆ ಸೀಟಿ. ಸಿಸ್ಟರ್ ಒಂದು ಸಲ "ಸಾರ್, ಸೀಟಿ ಊದಿದಾಗ ನಂಗೆ ಕಿವಿ ಗುಯ್ ಅಂದು ರಾಕ್ಷಸ ಎರಡೆರಡು ಕಾಣ್ತಾನೆ" ಅಂದ್ರು. ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಶಿಸ್ತು ಅಂದ್ರೆ ಮೊದಲು ಕಿವಿ ನೋಯ್ತದೆ, ಆಮೇಲೆ ಅಭ್ಯಾಸ ಆಗ್ತದೆ.

ಗಡುವಿಗೆ ಒಂದೇ ಭಾನುವಾರ ಉಳೀತು. ನಿಜ ಹೇಳ್ತೀನಿ, ನಂಗೆ ಆ ವಾರ ಊಟ ಸೇರಲಿಲ್ಲ. ಈ ವಯಸ್ಸಲ್ಲಿ ಒಂದು ಬೊಂಬೆ ರಾಕ್ಷಸನಿಗೋಸ್ಕರ ಅಳು ಬರೋ ಹಂಗಾಗಿದೆಯಲ್ಲ ಅಂತ ನನ್ನ ಮೇಲೆ ನಂಗೇ ಸಿಟ್ಟು ಬಂತು. ಎಲ್ಲರನ್ನೂ ಕರೆದು ಹೇಳಿದೆ. "ನೋಡ್ರಪ್ಪ, ನಂಗೂ ಸಾಕಾಗಿದೆ. ಈ ಭಾನುವಾರ ಗೆಲ್ಲಲಿಲ್ಲ ಅಂದ್ರೆ ನಾನು ನಾಯಕತ್ವ ಬಿಟ್ಟುಬಿಡ್ತೀನಿ."

ಅಯ್ಯೋ ಬ್ಯಾಡಿ ಸಾರ್, ನೀವಿಲ್ದೆ ಹೆಂಗೆ ಸಾರ್ ಅಂತಾರೆ ಅಂತ ಕಾದೆ. ಆಮೇಲೆ ಉಯ್ಯಂಬಳ್ಳಿಯವನು ತುಂಬ ಗೌರವದಿಂದ ಕೇಳಿದ:

"ಭಾನುವಾರ ಅಂದ್ರೆ ಸಾ, ಅವತ್ತಿಂದ್ಲೇನಾ, ಇಲ್ಲಾ ಸೋಮವಾರದಿಂದ್ಲಾ?"

ಕೊನೇ ಭಾನುವಾರ

ಆ ಭಾನುವಾರ ಎರಡೂ ಮುಕ್ಕಾಲಿಗೇ ಸ್ನಾನ ಮಾಡಿ, ದೇವರಿಗೆ ಊದುಬತ್ತಿ ಹಚ್ಚಿ, ಫೋನನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಕೂತೆ. ಹಾಜರಿ ಕೂಗಿದೆ. ಹತ್ತಕ್ಕೆ ಹತ್ತೂ ಹಾಜರ್. ಕೋಟೆ ಬಾಗಿಲು ತೆಗೀತಿದ್ದಾಗ ಹೆಂಡ್ತಿ ಕಾಫಿ ತಂದಿಟ್ಟು, ಏನೋ ಅಂದು, ಫೋನಿನ ಹತ್ರ ಬಗ್ಗಿ ಹೋದಳು. ನನ್ನ ಗಮನವೆಲ್ಲ ಕಲ್ಲುಮೈಯನ ಮೇಲೇ ಇತ್ತು.

ಅವತ್ತು ನಾನು ಕೊಟ್ಟಷ್ಟು ಆಜ್ಞೆ ಯಾವ ಸೇನಾಪತಿನೂ ಕೊಟ್ಟಿರೋಕಿಲ್ಲ. "ಭಾಯ್, ಹಿಂದಕ್ಕೆ!" ಅಂದೆ. ಭಾಯ್ ಎರಡು ಹೆಜ್ಜೆ ಮುಂದಕ್ಕೆ ಹೋಗಿ ರಾಕ್ಷಸನ ಎದೆಗೇ ಗುರಾಣಿ ಕೊಟ್ರು. "ಸಿಸ್ಟರ್, ಬಲಕ್ಕೆ!" ಅಂದೆ. ಅವರು ಎಡಕ್ಕೆ ಹೋಗಿ ಕಾಲಿಗೆ ಕೊಚ್ಚಿದ್ರು. "ಎಲ್ಲರೂ ಒಟ್ಟಿಗೆ ನಿಲ್ಲಿ!" ಅಂದ್ರೆ ಹತ್ತೂ ದಿಕ್ಕಿಗೆ ಚೆದುರಿದ್ರು. ನನ್ನ ಮೈ ಉರಿದುಹೋಯ್ತು. ಕಡೇ ದಿನ ಅಂತ ಬೇಕಂತಲೇ ಉಲ್ಟಾ ಮಾಡ್ತಿದ್ದಾರೆ ಅಂತ ಸೀಟಿ ಕಚ್ಕೊಂಡು, ಮುಖ ಕೆಂಪಾಗೋ ತನಕ ಊದಿದೆ. ಮಟನ್ ಅಂಗಡಿ ಅಣ್ಣ ಮಾತ್ರ ತಣ್ಣಗೆ, "ಭಾಯ್, ನಾನ್ ಅವ್ನಿ, ನೀವ್ ತಿಂತಾ ಇರಿ ಏಟು. ಸಿಸ್ಟರ್, ಮೊಣಕಾಲಿಗೆ ಹಾಕಿ, ಅಲ್ಲಿ ಮೂಳೆ ಸಂದು" ಅಂತ ಹೇಳ್ತಾನೇ ಇದ್ರು. ಹದಿನೈದು ನಿಮಿಷಕ್ಕೆ ಕಲ್ಲುಮೈಯ ಮೊಣಕಾಲೂರಿದ. ಉಯ್ಯಂಬಳ್ಳಿಯವನ ಒಂದು ಬಾಣ ಹಣೆಗೆ ಬಿತ್ತು. ರಾಕ್ಷಸ ಮಕಾಡೆ ಬಿದ್ದ.

ಗೆದ್ವಿ!

ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು. ಎದ್ದು ನಿಂತು ಭಾಷಣ ಶುರು ಮಾಡಿದೆ. "ನೋಡಿದ್ರಾ? ಇದು! ಇದಕ್ಕೇ ನಾನು ಹನ್ನೊಂದು ವಾರ ಗಂಟಲು ಹರ್ಕೊಂಡಿದ್ದು. ಶಿಸ್ತಿನಿಂದ ಏನಾಗ್ತದೆ ಅಂತ ಇವತ್ತು ಗೊತ್ತಾಯ್ತಾ?" ಒಬ್ಬರೂ ಹ್ಞೂಂ ಅನ್ನಲಿಲ್ಲ. ಅವರ ಪಾಡಿಗೆ ಅವರು ಕೇಕೆ ಹಾಕ್ತಿದ್ರು. ಆಮೇಲೆ ಭಾಯ್ ದನಿ ಕೇಳಿಸ್ತು.

"ಮೇಷ್ಟ್ರು ಎಲ್ಲಿ? ಅವರ ಬೊಂಬೆ ಬಾಗಿಲಲ್ಲೇ ನಿಂತಿದೆ, ಇವತ್ತು ಒಂದು ಸೀಟಿನೂ ಕೇಳಿಲ್ಲ."

"ನೆಟ್ ಹೋಗಿರ್ಬೇಕು ಭಾಯ್" ಅಂದ ಉಯ್ಯಂಬಳ್ಳಿಯವನು. "ಅದ್ಕೇ ಮತ್ತೆ ಗೆದ್ದಿದ್ದು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಫೋನ್ ಹತ್ತಿರ ಮುಖ ತಂದು ನೋಡಿದೆ. ಮೈಕಿನ ಚಿತ್ರದ ಮೇಲೆ ಕೆಂಪು ಗೆರೆ. ಒಳಕೋಣೆಯಲ್ಲಿ ಹೆಂಡ್ತಿ ಅವಳ ಅಕ್ಕನ ಜೊತೆ ಫೋನಲ್ಲಿ ನಿಧಾನವಾಗಿ ಮಾತಾಡ್ತಿದ್ದಳು. ನನ್ನ ಕಡೆ ನೋಡಿ, "ನಾನೇ ಒತ್ತಿದ್ದು, ನಮ್ಮ ಮಾತು ಅವರಿಗೆಲ್ಲ ಕೇಳಬಾರದು ಅಂತ. ಹೇಳಿದ್ನಲ್ಲ ನಿಮಗೆ" ಅಂತ ಪಿಸುಗುಟ್ಟಿದಳು. ಅಂದ್ರೆ ಹದಿನೈದು ನಿಮಿಷ ನಾನು ಕೂಗಿದ್ದು ನಮ್ಮ ಮನೆ ಗೋಡೆಗೆ.

ಸೀಟಿ ಕೆಳಗಿಟ್ಟು ಕೂತುಬಿಟ್ಟೆ. ಗೆದ್ದಿದ್ದು ನನ್ನಿಂದ ಅಲ್ಲ ಅನ್ನೋದಕ್ಕಿಂತ, ನಾನಿಲ್ಲದ್ದಕ್ಕೇ ಗೆದ್ದಿದ್ದು ಅನ್ನೋದು ನುಂಗೋಕೆ ಕಷ್ಟ. ಆಟ ಮುಚ್ಚಿಬಿಡೋಣ ಅಂತ ಬೆರಳು ಹೋಯ್ತು. ಅಷ್ಟರಲ್ಲಿ ಸಿಸ್ಟರ್ ಮಾತಾಡಿದ್ರು.

"ಸಾಕು ನಗಬೇಡಿ, ಪಾಪ. ಅವರಿಗೆ ಒಂದು ಗೆಲುವು ನೋಡಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಅವರು ಬಂದ್ರೆ, ನೀವು ಹೇಳಿಕೊಟ್ಟಂಗೇ ಮಾಡಿದ್ವಿ ಸಾರ್ ಅಂತ ಹೇಳೋಣ. ಎಲ್ಲರೂ ಒಂದೇ ಥರ ಹೇಳಬೇಕು."

"ನಾನೇನೋ ಹೇಳ್ತೀನಿ ಕಣಮ್ಮ" ಅಂದ್ರು ಮಟನ್ ಅಂಗಡಿ ಅಣ್ಣ. "ನಗು ಬಂದ್ಬುಟ್ರೆ?"

"ಕೆಮ್ಮಿ."

ನಾನು ಕಣ್ಣೊರೆಸಿಕೊಂಡು, ಎರಡು ನಿಮಿಷ ಬಿಟ್ಟು, ಕೆಂಪು ಗೆರೆ ಒತ್ತಿದೆ. "ಹಲೋ, ಹಲೋ! ನೆಟ್ ಹೋಗಿತ್ತು ಕಣ್ರಪ್ಪ. ಏನಾಯ್ತು?" ಅಂದೆ.

"ಗೆದ್ವಿ ಸಾ!" "ಗೆದ್ವಿ ಮೇಷ್ಟ್ರೇ! ನೀವು ಹೇಳ್ಕೊಟ್ಟಂಗೇ ಮಾಡಿದ್ವಿ!" "ಎಲ್ಲ ನಿಮ್ದೇ ಪ್ಲಾನು ಸಾರ್, ನೂರಕ್ಕೆ ನೂರು!" ಎಲ್ಲರೂ ಒಟ್ಟಿಗೆ ಕೂಗಿದ್ರು. ಮಾಗಡಿ ಕಡೆಯಿಂದ ಜೋರು ಕೆಮ್ಮು.

ಹದಿನೇಳು ವರ್ಷದಲ್ಲಿ ಯಾವ ಟೀಮೂ ನನ್ನನ್ನ ಹಿಂಗೆ ಹೊತ್ತು ಮೆರೆಸಿರಲಿಲ್ಲ. "ಶಹಬ್ಬಾಸ್!" ಅಂದೆ. ರಾಜೀನಾಮೆ ಮಾತು ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರದಿಂದ ಹೊಸ ಕೋಟೆ, ಎರಡು ತಲೆ ರಾಕ್ಷಸ ಅಂತ ಆಟದವರು ತೋರಿಸಿದ್ರು. ನೀವೇ ನಾಯಕರಾಗಿರ್ಬೇಕು ಸಾರ್ ಅಂತ ಎಲ್ಲರೂ ಒಪ್ಪಿದ್ರು. ಒಬ್ಬೊಬ್ಬರೇ ಹೊರಟ ಮೇಲೆ ಉಯ್ಯಂಬಳ್ಳಿಯವನು ಉಳ್ಕೊಂಡ. ಏನೋ ಕೇಳೋಕೆ ಹಿಂದೆ ಮುಂದೆ ನೋಡ್ತಿದ್ದ.

"ಏನಪ್ಪ?" ಅಂದೆ.

"ಏನಿಲ್ಲ ಸಾ. ಮುಂದ್ಲ ವಾರನೂ ನಿಮ್ ಕಡೆ ನೆಟ್ಟು ಹಿಂಗೇ ಇರ್ತದಾ?"

"ಇರ್ತದೆ ಕಣಪ್ಪ" ಅಂದೆ.